ನಾಲ್ಕನೇ ತರಗತಿಯ ಗಲಾಟೆ

ಕಿವುಡರನ್ನು ಕಂಡು ತಮಾಷೆ ಮಾಡುವವರು ನನ್ನ ಅಂಗಡಿಗೆ ಬರುವುದು ಬೇಡ. ಅವರ ರೇಡಿಯೋ ಕೆಟ್ಟರೆ ಬೇರೆ ಕಡೆ ಕೊಡಲಿ. ಕಂಕನಾಡಿಯಲ್ಲಿ ರಿಪೇರಿಯವರಿಗೇನೂ ಬರಗಾಲವಿಲ್ಲ. ಮಹಾಬಲನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಆಚೀಚೆ ಅಂಗಡಿಯವರು ಹೇಳುತ್ತಾರೆ. ಹೇಳಿಕೊಳ್ಳಲಿ. ರೊಸಾಲಿನ್ ಟೀಚರಿಗೆ ಮಾಡಿದ್ದನ್ನು ಅವರು ನೋಡಿಲ್ಲ, ನಾನು ನೋಡಿದ್ದೇನೆ. ನೋಡಿದ ಮೇಲೆ ತಣ್ಣಗೆ ಕುಳಿತುಕೊಳ್ಳುವುದು ನನ್ನಿಂದ ಆಗುವುದಿಲ್ಲ.

ಟೀಚರು ನಮ್ಮ ಕನ್ನಡ ಶಾಲೆಯ ನಾಲ್ಕನೇ ತರಗತಿಗೆ ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಮಾಡಿದವರು. ಮದುವೆಯಾಗಲಿಲ್ಲ. ಬೆಂದೂರಿನಲ್ಲಿ ತಮ್ಮ ಬೆನೆಡಿಕ್ಟನ ಮನೆಯಲ್ಲಿದ್ದರು. ಅವನು ಬಹರೈನಿಗೆ ಹೋದ ಮೇಲೆ ಮನೆಯಲ್ಲಿ ಇವರು ಮತ್ತು ಅವನ ಹೆಂಡತಿ ನೆಲ್ಲಿ, ಇಬ್ಬರೇ. ಗಂಜಿ ಹಾಕಿದ ಹತ್ತಿ ಸೀರೆ, ಕೈಯಲ್ಲಿ ಕಪ್ಪು ಕೊಡೆ, ಗಂಟೆ ಹೊಡೆಯುವ ಮೊದಲೇ ತರಗತಿಯಲ್ಲಿ ಹಾಜರು. ಮನೆಮಾತು ಕೊಂಕಣಿಯಾದರೂ ಅವರ ಕನ್ನಡಕ್ಕೆ ಒಂದು ಕುಂದು ಹೇಳುವ ಹಾಗಿರಲಿಲ್ಲ. ನಾವಾದರೋ ತುಳು ಮಕ್ಕಳು, ಬ್ಯಾರಿ ಮಕ್ಕಳು, ಕೊಂಕಣಿ ಮಕ್ಕಳು. ಎಲ್ಲರಿಗೂ ಕನ್ನಡ ಶಾಲೆಯಲ್ಲಿ ಸಿಕ್ಕಿದ ಭಾಷೆ. ಅಂಥ ನಲವತ್ತು ಬಾಯಿಗಳಿಂದ ಒಂದೇ ದನಿಯಲ್ಲಿ ಮಗ್ಗಿ ಹೇಳಿಸುವುದು ಅವರ ಪಾಠದ ಕ್ರಮ. ಹಾಜರಿ ಆದ ಕೂಡಲೇ ಮಗ್ಗಿ, ಮಳೆ ಬರಲಿ ಬಿಸಿಲಿರಲಿ. ಪಕ್ಕದ ತರಗತಿಯವರು ಗಲಾಟೆ ಎಂದು ದೂರಿದರೆ, "ಅದು ಗಲಾಟೆ ಅಲ್ಲ, ಮಗ್ಗಿ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು.

ನಾನು ಅವರ ಕೈಕೆಳಗೆ ಕಲಿತದ್ದು 1956ರಲ್ಲಿ. ಒಂದು ದಿನ ಅವರು ನಮಗೆ ಬೆನ್ನು ಹಾಕಿ ಬೋರ್ಡಿನಲ್ಲಿ ಲೆಕ್ಕ ಬರೆಯುತ್ತಿದ್ದರು, ನಾವು ಹದಿನೇಳರ ಮಗ್ಗಿ ಕೂಗುತ್ತಿದ್ದೆವು. ಹದಿನೇಳೆಂಟ್ಲಿಗೆ ಎಲ್ಲರೂ ನೂರ ಮೂವತ್ತಾರು ಎಂದರೆ ನಾನೊಬ್ಬ ನೂರ ಇಪ್ಪತ್ತಾರು ಎಂದೆ. ಟೀಚರು ತಿರುಗಲೂ ಇಲ್ಲ. ಸೀಮೆಸುಣ್ಣ ಓಡುತ್ತಿದ್ದ ಹಾಗೆಯೇ, "ಮಹಾಬಲ, ನೂರ ಮೂವತ್ತಾರು" ಎಂದರು. ನಲವತ್ತು ದನಿಗಳ ನಡುವೆ ನನ್ನದೊಂದನ್ನು ಹೆಕ್ಕಿ ತೆಗೆದ ಕಿವಿ ಅದು. ಆ ಸಂಜೆ ಹದಿನೇಳರ ಮಗ್ಗಿಯನ್ನು ಹತ್ತು ಸಲ ಬರೆದು ತೋರಿಸಿ ಮನೆಗೆ ಹೋದೆ.

ಆ ಕಿವಿಯನ್ನು ತೆಗೆದದ್ದು ಮದ್ದು. 1974ರಲ್ಲಿ ಅವರಿಗೆ ಟಿ.ಬಿ. ಬಂತು. ಮೂರು ತಿಂಗಳು ದಿನಾ ಇಂಜೆಕ್ಷನ್. ಎರಡನೇ ತಿಂಗಳಲ್ಲೇ, ಕಿವಿಯೊಳಗೆ ಜೀರುಂಡೆ ಕೂಗುತ್ತದೆ ಎಂದು ಇವರು ಹೇಳಿದರು. ನಿಶ್ಶಕ್ತಿ, ಹಾಲು ಕುಡಿಯಿರಿ ಎಂದರಂತೆ ಡಾಕ್ಟರು. ಆ ಇಂಜೆಕ್ಷನ್ನಿನಿಂದ ಕೆಲವರ ಕಿವಿ ಹೋಗುತ್ತದೆ ಎಂದು ಕೊಡುವವರಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದರೆ ಒಂದು ಮಾತು ಹೇಳಲು ಬಾಯಿಗೇನಾಗಿತ್ತು? ಎದೆ ವಾಸಿಯಾಯಿತು, ಕಿವಿ ವಾಸಿಯಾಗಲಿಲ್ಲ. ಆ, ಓ ಎಂಬ ದಪ್ಪ ಸ್ವರಗಳು ಉಳಿದವು. ಸ, ಶ, ಚ ಮೊದಲಾದ ತೆಳ್ಳಗಿನ ಅಕ್ಷರಗಳು ಹೋದವು. ಯಾರೋ ಮಾತಾಡುತ್ತಿದ್ದಾರೆ ಎಂದು ಗೊತ್ತಾಗುತ್ತಿತ್ತು, ಎಂತ ಮಾತಾಡುತ್ತಿದ್ದಾರೆ ಎಂದು ತಿಳಿಯುತ್ತಿರಲಿಲ್ಲ. ಅವರು ಎದುರಿನವರ ತುಟಿ ನೋಡುವುದನ್ನು ಅಭ್ಯಾಸ ಮಾಡಿಕೊಂಡರು.

1976ರಲ್ಲಿ ಟೌನಿಗೆ ಬಂದ ಒಬ್ಬ ಏಜೆಂಟನಿಂದ ಕಿವಿಯ ಮೆಶಿನ್ ತೆಗೆದುಕೊಂಡರು. ಬೆಂಕಿಪೆಟ್ಟಿಗೆಗಿಂತ ದೊಡ್ಡ ಡಬ್ಬಿ, ಅದರಿಂದ ಕಿವಿಗೆ ಒಂದು ವಯರು. ಡಬ್ಬಿಯನ್ನು ಶರ್ಟಿನ ಜೇಬಿನಲ್ಲಿಡಬೇಕೆಂದು ಕಾಗದದಲ್ಲಿ ಬರೆದಿತ್ತು, ಕೋಟು ಹಾಕಿದ ಗಂಡಸಿನ ಚಿತ್ರವೂ ಇತ್ತು. ರವಿಕೆಗೆ ಜೇಬೆಲ್ಲಿ? ಹೆಂಗಸರ ಕಿವಿ ಹೋಗುವುದೇ ಇಲ್ಲ ಎಂದು ಅದನ್ನು ಮಾಡಿದವರು ತಿಳಿದುಕೊಂಡಿರಬೇಕು. ರವಿಕೆಯೊಳಗೆ ಇಟ್ಟುಕೊಳ್ಳಿ ಎಂದು ಏಜೆಂಟ್ ಹೇಳಿ ಹೋದ. ಗಂಜಿ ಹಾಕಿದ ಸೀರೆ ಡಬ್ಬಿಯ ಮೈಕಿಗೆ ಉಜ್ಜಿ ಉಜ್ಜಿ, ಟೀಚರಿಗೆ ಮಕ್ಕಳಿಗಿಂತ ಜೋರಾಗಿ ತಮ್ಮ ಸೀರೆಯೇ ಕೇಳುತ್ತಿತ್ತು. ಜತೆಗೆ ಫ್ಯಾನು, ಬೆಂಚು ಎಳೆಯುವ ಸದ್ದು, ರಸ್ತೆಯ ಬಸ್ಸು, ಎಲ್ಲವೂ ಒಟ್ಟಿಗೆ ಹತ್ತು ಪಾಲು ದೊಡ್ಡದಾಗಿ ಮಂಡೆಗೆ ಬಡಿಯುತ್ತಿತ್ತು. ಒಂದು ವಾರ ತಡೆದುಕೊಂಡು ಡಬ್ಬಿಯನ್ನು ನನ್ನ ಮೇಜಿನ ಮೇಲೆ ತಂದಿಟ್ಟರು.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ರೇಡಿಯೋದ ಹೊಟ್ಟೆ ಗೊತ್ತಿದ್ದವನಿಗೆ ಆ ಡಬ್ಬಿಯಲ್ಲಿ ಗೊತ್ತಾಗದ್ದು ಏನೂ ಇರಲಿಲ್ಲ. ಫ್ಯಾನು ಬಸ್ಸುಗಳ ದಪ್ಪ ಸದ್ದು ಒಳಗೆ ಬಾರದೆ ತೆಳ್ಳಗಿನ ಸದ್ದು ಮಾತ್ರ ದಾಟುವ ಹಾಗೆ ಒಂದು ಕೆಪಾಸಿಟರ್ ಬದಲಿಸಿದೆ. ಮೈಕಿನ ಬಾಯಿಗೆ ಸ್ಪಂಜು ಅಂಟಿಸಿದೆ. ಡಬ್ಬಿಗೆ ಬಟ್ಟೆಯ ಚೀಲ ಹೊಲಿದು ಸೀರೆಯ ಹೊರಗೆ, ಎದೆಯ ಮೇಲೆ ಪಿನ್ನು ಹಾಕಲು ಹೇಳಿದೆ. ಟೀಚರು ಹಾಕಿಕೊಂಡು ನನ್ನನ್ನೇ ನೋಡುತ್ತ, ಏನಾದರೂ ಹೇಳು ಎಂದರು. ನನಗೆ ಬೇರೆ ಎಂತದ್ದೂ ಹೊಳೆಯಲಿಲ್ಲ, ಹದಿನೇಳರ ಮಗ್ಗಿ ಹೇಳಿದೆ. ಅವರು ಮುಖ ಆಚೆ ತಿರುಗಿಸಿ ರಸ್ತೆ ನೋಡುತ್ತ ಕೊನೆಯವರೆಗೆ ಕೇಳಿದರು, ಮತ್ತೆ ಕೊಡೆ ತೆಗೆದುಕೊಂಡು ಹೋದರು.

ಆ ಡಬ್ಬಿ ಹಾಕಿಕೊಂಡು ಅವರು ಹತ್ತು ವರ್ಷ ಪಾಠ ಮಾಡಿದರು. ಮಕ್ಕಳಿಗೆ ಒಂದು ದಿನವೂ ತೊಂದರೆಯಾಗಲಿಲ್ಲ. ತೊಂದರೆಯಾದದ್ದು ಶಾಲೆಯ ಸಂಚಾಲಕ ಚಿತ್ತರಂಜನರಿಗೆ. ಕಿವುಡಿಯನ್ನು ಇಟ್ಟುಕೊಂಡ ಶಾಲೆ ಎಂದು ಜನ ಹೇಳುತ್ತಾರೆ, ಅದನ್ನು ಸೀರೆಯೊಳಗೆ ಮುಚ್ಚಿಕೊಳ್ಳಿ ಎಂದು ಮತ್ತೆ ಮತ್ತೆ ಹೇಳಿಸಿದರು. ಕನ್ನಡಕವನ್ನು ಯಾರಾದರೂ ಕಿಸೆಯೊಳಗೆ ಮುಚ್ಚಿಟ್ಟುಕೊಂಡು ಓದುತ್ತಾರಾ? ಸಂಚಾಲಕರೇ ದಪ್ಪ ಗಾಜಿನ ಕನ್ನಡಕದವರು. ನಿಜವಾದ ಕಾರಣ ಇಡೀ ಶಾಲೆಗೆ ಗೊತ್ತಿತ್ತು: ಅವರ ತಂಗಿಯ ಮಗಳು ಟಿ.ಸಿ.ಎಚ್. ಟೀಚರ್ ತರಬೇತಿ ಮುಗಿಸಿ ಮನೆಯಲ್ಲಿ ಕುಳಿತಿದ್ದಳು, ಖಾಲಿ ಜಾಗ ಇರಲಿಲ್ಲ. ಟೀಚರಿಗೆ ನಿವೃತ್ತಿಗೆ ಇನ್ನೂ ಮೂರು ವರ್ಷವಿತ್ತು.

1986ರ ಕ್ರಿಸ್‌ಮಸ್ಸಿಗೆ ಬಂದ ಬೆನೆಡಿಕ್ಟ್ ಅಕ್ಕನಿಗೆ ಹೊಸ ಮೆಶಿನ್ ತಂದ. ಗೋಡಂಬಿಯಷ್ಟು ಗಾತ್ರ, ಕಿವಿಯ ಹಿಂದೆ ಕುಳಿತುಕೊಳ್ಳುತ್ತದೆ, ವಯರಿಲ್ಲ, ಡಬ್ಬಿಯಿಲ್ಲ. ಗದ್ದಲವನ್ನು ತಾನಾಗಿಯೇ ಗುರುತಿಸಿ ಕಡಿಮೆ ಮಾಡುತ್ತದೆ ಎಂದು ಕಾಗದದಲ್ಲಿ ಬರೆದಿತ್ತು. ಮೊದಲ ವಾರ ಟೀಚರ ಸಂತೋಷ ನೋಡಬೇಕಿತ್ತು. ಹಂಪನಕಟ್ಟೆಯಲ್ಲಿ ಇಳಿದರೆ ಬಸ್ಸುಗಳ ಸದ್ದು ತಾನಾಗಿ ತಗ್ಗುತ್ತದೆ, ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್ ಎಂದು ಕೂಗುವ ಕಂಡಕ್ಟರನ ಮಾತು ಬಿಡಿಸಿದ ಹಾಗೆ ಕೇಳುತ್ತದೆ ಎಂದು ನನ್ನ ಅಂಗಡಿಗೆ ಬಂದು ಹೇಳಿದರು.

ರಜೆ ಮುಗಿದು ಶಾಲೆ ಶುರುವಾದ ಎರಡನೇ ದಿನ ಮತ್ತೆ ಬಂದರು. ಮುಖ ಬಾಡಿತ್ತು.

"ಮಹಾಬಲ, ಮಕ್ಕಳು ಮಗ್ಗಿ ಶುರು ಮಾಡಿದ್ರೆ ಎರಡು ಸಾಲು ಚಂದ ಕೇಳ್ತದೆ. ಮತ್ತೆ ಬಾಗಿಲು ಹಾಕಿದ ಹಾಗೆ. ಬಾಯಿ ಆಡುದು ಕಾಣ್ತದೆ, ದನಿ ಇಲ್ಲ. ಮನೆಯಲ್ಲಿ ತೇರ್ಸಿಗೂ ಹಾಗೆಯೇ."

ತೇರ್ಸ್ ಎಂದರೆ ಅವರ ಮನೆಗಳಲ್ಲಿ ಸಂಜೆ ಜಪಮಾಲೆ ಹಿಡಿದು ನೆರೆಯವರೂ ಸೇರಿ ಹೇಳುವ ಪ್ರಾರ್ಥನೆ. ಒಬ್ಬರು ಹೇಳುವಾಗ ಕೇಳುತ್ತದೆ, ಎಲ್ಲರೂ ಒಟ್ಟಿಗೆ ಹೇಳತೊಡಗಿದರೆ ಮುಳುಗಿ ಹೋಗುತ್ತದೆ. ನಾನು ಒಂದು ಮಧ್ಯಾಹ್ನ ಅಂಗಡಿ ಅರ್ಧ ಹಾಕಿ, ಡಿಕ್ಷನರಿ ಇಟ್ಟುಕೊಂಡು ಆ ಕಾಗದ ಓದಿದೆ. ರೇಡಿಯೋ ಹಚ್ಚಿ ಪರೀಕ್ಷೆಯನ್ನೂ ಮಾಡಿದೆ. ವಾರ್ತೆ ಓದುವವನ ದನಿಯನ್ನು ಮೆಶಿನ್ ಬಿಡುತ್ತಿತ್ತು, ಸ್ಟೇಷನ್ ತಪ್ಪಿಸಿದರೆ ಬರುವ ಬುಸ್ ಎಂಬ ಸದ್ದನ್ನು ಕ್ಷಣದಲ್ಲಿ ನುಂಗುತ್ತಿತ್ತು. ಆಗ ಅರ್ಥವಾಯಿತು. ಒಬ್ಬ ಮನುಷ್ಯ ಮಾತಾಡಿದರೆ ದನಿ ಏರುತ್ತದೆ, ಇಳಿಯುತ್ತದೆ, ನಡುನಡುವೆ ನಿಲ್ಲುತ್ತದೆ. ಫ್ಯಾನು ನಿಲ್ಲುವುದಿಲ್ಲ. ನಿಲ್ಲದೆ ಒಂದೇ ಮಟ್ಟದಲ್ಲಿ ಬರುವುದೆಲ್ಲ ಗಲಾಟೆ, ಅದನ್ನು ಅಳಿಸು ಎಂದು ಯಾರೋ ಆ ಮೆಶಿನಿಗೆ ಹೇಳಿಕೊಟ್ಟಿದ್ದಾರೆ. ನಲವತ್ತು ಮಕ್ಕಳು ಮಗ್ಗಿ ಕೂಗಿದರೆ ಎಡೆಯೆಲ್ಲಿ ಇರುತ್ತದೆ? ಒಬ್ಬ ಉಸಿರು ಎಳೆಯುವಾಗ ಇನ್ನೊಬ್ಬ ಕೂಗುತ್ತಿರುತ್ತಾನೆ. ಮೆಶಿನಿನ ಲೆಕ್ಕದಲ್ಲಿ ನಾಲ್ಕನೇ ತರಗತಿಯೂ ಒಂದು ಫ್ಯಾನು.

ನನಗೆ ಮೈ ಉರಿಯಿತು. ಎಲ್ಲಿಯೋ ಕುಳಿತು ಅದನ್ನು ಮಾಡಿದವನು ಮಗ್ಗಿ ಕೂಗುವ ಒಂದು ಶಾಲೆಗೆ ಹೋಗಿದ್ದಾನಾ, ಒಂದು ತೇರ್ಸ್ ಕೇಳಿದ್ದಾನಾ? ಬಿಚ್ಚಿ ಸರಿಮಾಡೋಣವೆಂದರೆ ಒಳಗೆ ಅಕ್ಕಿಕಾಳಿನಷ್ಟು ಒಂದು ಚಿಪ್, ನನ್ನ ಕೈ ಹೋಗುವ ಜಾಗವೇ ಇಲ್ಲ. ನಾನು ಬೈಯುತ್ತಿದ್ದರೆ ಟೀಚರು ಸಮಾಧಾನದಲ್ಲೇ ಹೇಳಿದರು.

"ಯಾವುದು ಗಲಾಟೆ, ಯಾವುದು ಅಲ್ಲ ಅಂತ ಹೇಳುದು ಟೀಚರ ಕೆಲಸ ಮಾರಾಯ. ಅದು ಇದಕ್ಕೆ ಬೇಡ."

ಅವರು ತಮ್ಮದೇ ದಾರಿ ಮಾಡಿಕೊಂಡರು. ಒಬ್ಬೊಬ್ಬರ ಜತೆ ಮಾತಿಗೆ, ಬಸ್ಸಿಗೆ, ಪೇಟೆಗೆ ಗಲ್ಫಿನ ಮೆಶಿನ್. ಮಗ್ಗಿಯ ಹೊತ್ತಿಗೆ ಅದನ್ನು ತೆಗೆದು ಹಳೆಯ ಡಬ್ಬಿ. ಡಬ್ಬಿ ಮೇಜಿನ ಡ್ರಾವರಿನಲ್ಲಿ ಇರುತ್ತಿತ್ತು. ಚಂದದ ಸಣ್ಣ ಮೆಶಿನ್ ಇರುವಾಗ ಮತ್ತೆ ಆ ಡಬ್ಬಿ ಯಾಕೆ ಎಂದು ಚಿತ್ತರಂಜನರು ಕೇಳಿದರಂತೆ. ಟೀಚರಿಗೆ ಮುಚ್ಚುಮರೆ ಗೊತ್ತಿಲ್ಲ. ಮಕ್ಕಳು ಒಟ್ಟಿಗೆ ಹೇಳಿದರೆ ಹೊಸದರಲ್ಲಿ ಕೇಳುವುದಿಲ್ಲ ಎಂದು ನಡೆದದ್ದನ್ನು ನಡೆದ ಹಾಗೆ ಹೇಳಿಬಿಟ್ಟರು. ಆ ಮನುಷ್ಯ ಅದನ್ನು ಕೇಳಿ, ತಲೆಯಾಡಿಸಿ, ಹೋಗಿ ಮನಸ್ಸಿನಲ್ಲಿ ಇಟ್ಟುಕೊಂಡರು.

ಫೆಬ್ರವರಿಯಲ್ಲಿ ಇನ್ಸ್‌ಪೆಕ್ಟರರ ತಪಾಸಣೆ ಬಂತು. ಆ ದಿನ ಡಬ್ಬಿ ಕಾಣಬಾರದು, ಸಣ್ಣದನ್ನೇ ಹಾಕಿಕೊಳ್ಳಬೇಕು, ಶಾಲೆಯ ಮರ್ಯಾದೆಯ ಪ್ರಶ್ನೆ ಎಂದು ಸಂಚಾಲಕರು ಟೀಚರಿಗೆ ಕಟ್ಟಪ್ಪಣೆ ಮಾಡಿದರು. ಅದೇ ದಿನ ಶಾಲೆಯ ಲೌಡ್‌ಸ್ಪೀಕರ್ ರಿಪೇರಿಗೆ ನನ್ನನ್ನೂ ಕರೆಸಿದ್ದರು. ನಮ್ಮ ಶಾಲೆಯಲ್ಲಿ ತರಗತಿಗಳ ನಡುವೆ ಗೋಡೆಯಿಲ್ಲ, ಒಂದೇ ಉದ್ದದ ಹಾಲು, ನಡುವೆ ಮರದ ತಡಿಕೆಗಳು. ನಾಲ್ಕನೇ ತರಗತಿಯ ತಡಿಕೆಯ ಹಿಂದೆ ನೆಲದಲ್ಲಿ ಕುಳಿತು ನಾನು ಆಂಪ್ಲಿಫಯರ್ ಬಿಚ್ಚಿದ್ದೆ. ಟೀಚರನ್ನು ಯಾವುದೋ ಕಾಗದಕ್ಕೆ ಸಹಿ ಹಾಕಲು ಆಫೀಸಿಗೆ ಕರೆಸಿ, ಆ ಹೊತ್ತಿನಲ್ಲಿ ಇನ್ಸ್‌ಪೆಕ್ಟರರು ಮಕ್ಕಳಿಗೆ ಏನೋ ಹೇಳಿಕೊಟ್ಟಿದ್ದರು. ಅದು ನಾನು ಬರುವ ಮೊದಲೇ ಮುಗಿದಿತ್ತು, ನನಗೆ ತಿಳಿದದ್ದು ಆಮೇಲೆ.

ಟೀಚರು ಬಂದು ಮಕ್ಕಳ ಎದುರು ನಿಂತರು. ಹದಿನೇಳರ ಮಗ್ಗಿ ಹೇಳಿಸಿ ಎಂದರು ಇನ್ಸ್‌ಪೆಕ್ಟರರು. ಮಕ್ಕಳು ಕೂಗತೊಡಗಿದರು. ಹದಿನೇಳೊಂದ್ಲಿ ಹದಿನೇಳು, ಹದಿನೇಳೆರಡ್ಲಿ ಮೂವತ್ತನಾಲ್ಕು. ಹದಿನೇಳ್ನಾಲ್ಕ್ಲಿ ಆಗುತ್ತಿದ್ದಂತೆ ಸದ್ದು ನಿಂತಿತು. ತಗ್ಗಿದ್ದಲ್ಲ, ಪೂರಾ ನಿಂತಿತು. ಇಪ್ಪತ್ತು ವರ್ಷ ಸದ್ದಿನ ಜತೆ ಕೆಲಸ ಮಾಡಿದವನಿಗೆ ಆ ಮೌನ ಸರಿ ಕಾಣಲಿಲ್ಲ. ಎದ್ದು ತಡಿಕೆಯ ಸಂದಿನಲ್ಲಿ ನೋಡಿದೆ. ಇನ್ಸ್‌ಪೆಕ್ಟರರು ಟೀಚರ ಬೆನ್ನ ಹಿಂದೆ ಬೆರಳೆತ್ತಿ ನಿಂತಿದ್ದಾರೆ, ಪಕ್ಕದಲ್ಲಿ ಚಿತ್ತರಂಜನರು. ಎದುರಿಗೆ ನಲವತ್ತು ಬಾಯಿಗಳು ಆಡುತ್ತಿವೆ, ಒಂದರಿಂದಲೂ ದನಿಯಿಲ್ಲ. ಟೀಚರು ಪ್ರತಿ ಸಾಲಿಗೂ ತಲೆಯಾಡಿಸುತ್ತಿದ್ದಾರೆ.

ನನ್ನ ಕೈಯಲ್ಲಿ ಬಿಸಿ ಸೋಲ್ಡರಿಂಗ್ ಐರನ್ ಇತ್ತು. ಅದನ್ನು ಕೆಳಗಿಟ್ಟೆ. ಇಡದಿದ್ದರೆ ಆ ದಿನ ನಾನು ಪೊಲೀಸ್ ಸ್ಟೇಷನ್ನಿನಲ್ಲಿ ಇರುತ್ತಿದ್ದೆ.

ಮಗ್ಗಿ ಮುಗಿಯಿತು. ಎಲ್ಲ ಸರಿಯಾಗಿ ಹೇಳಿದರಾ ಎಂದು ಇನ್ಸ್‌ಪೆಕ್ಟರರು ಮುಂದೆ ಬಂದು ಕೇಳಿದರು.

"ಒಂದು ತಪ್ಪು ಉಂಟು ಸಾರ್," ಎಂದರು ಟೀಚರು. "ಮೈಮೂನಾ, ಹದಿನೇಳೆಂಟ್ಲಿ ನೂರ ಇಪ್ಪತ್ತಾರು ಅಲ್ಲ. ನೂರ ಮೂವತ್ತಾರು."

ಸಂಚಾಲಕರ ಮುಖದಲ್ಲಿ ನಗು ತುಂಬಿತು. ಇನ್ಸ್‌ಪೆಕ್ಟರರು ಘಟ್ಟದ ಮೇಲಿನವರು, ನಿಧಾನವಾಗಿ ಬಿಡಿಸಿ ಹೇಳಿದರು.

"ಅಮ್ಮಾ, ಯಾರೂ ಏನೂ ಹೇಳಲೇ ಇಲ್ಲ. ಬರೀ ಬಾಯಿ ಆಡಿಸಿದರು. ನಿಮಗೆ ಗೊತ್ತಾಗಲಿಲ್ಲ, ಅಲ್ವಾ?"

ಮೆಶಿನ್ ಎಂದಿನ ಹಾಗೆ ದನಿ ನುಂಗುತ್ತಿದೆ ಎಂದೇ ಟೀಚರು ತಿಳಿದಿದ್ದರು. ಅವರೇ ಕಲಿಸಿದ ಮಕ್ಕಳನ್ನು ಅವರ ಮೇಲೆಯೇ ಬಲೆಯಾಗಿ ಬೀಸಿದ್ದರು ಈ ದೊಡ್ಡ ಮನುಷ್ಯರು. ಎರಡನೇ ಬೆಂಚಿನಲ್ಲಿ ಮೈಮೂನಾ ಎದ್ದು ನಿಂತಳು, ಕಣ್ಣಲ್ಲಿ ನೀರು.

"ಸಾರ್ ಹೇಳಿದ್ದು ಟೀಚರ್, ಬೆರಳು ಎತ್ತಿದ್ರೆ ಶಬ್ದ ಮಾಡ್ಬಾರ್ದು ಅಂತ. ನಾನು ಇಪ್ಪತ್ತಾರೇ ಹೇಳಿದ್ದು."

ನೋಡಿ, ಮೂವತ್ತೊಂಬತ್ತು ತುಟಿಗಳು ಮೂವತ್ತಾರಕ್ಕೆ ಮುಚ್ಚಿ ಮುಂದೆ ಬಂದಾಗ ಒಂದು ಬಾಯಿ ಅಗಲವಾದದ್ದನ್ನು ಈ ಹೆಂಗಸು ಹಿಡಿದಿದ್ದರು. ಎರಡು ಒಳ್ಳೆಯ ಕಿವಿ ಇದ್ದ ಇಬ್ಬರು ಗಂಡಸರು ಅಲ್ಲಿಯೇ ನಿಂತಿದ್ದು ಅದನ್ನು ಕಂಡಿರಲಿಲ್ಲ. ಆದರೂ ಇನ್ಸ್‌ಪೆಕ್ಟರರು ತಪಾಸಣೆ ಪುಸ್ತಕ ಬಿಡಿಸಿ ಪೆನ್ನಿನ ಮುಚ್ಚಳ ತೆಗೆದರು. ಇದಕ್ಕಿಂತ ಹೆಚ್ಚು ಎಂತ ಬೇಕು ಸಾರ್, ಬರೆದುಬಿಡಿ ಎಂದರು ಚಿತ್ತರಂಜನರು.

ಟೀಚರು ಕಿವಿಯ ಹಿಂದಿನ ಮೆಶಿನ್ ತೆಗೆದು ಮೇಜಿನ ಮೇಲಿಟ್ಟರು. ಡ್ರಾವರ್ ಎಳೆದು ಹಳೆಯ ಡಬ್ಬಿ ತೆಗೆದು, ಸೀರೆಯ ಹೊರಗೆ ಎಲ್ಲರಿಗೂ ಕಾಣುವ ಹಾಗೆ ಪಿನ್ನು ಹಾಕಿದರು. ಪಿನ್ನು ಎರಡು ಸಲ ತಪ್ಪಿತು.

"ಬರೀರಿ ಸಾರ್. ಅದಕ್ಕೆ ಮೊದಲು ಇನ್ನೊಮ್ಮೆ ಪರೀಕ್ಷೆ ಮಾಡಿ. ಕಿವಿ ಇಟ್ಟುಕೊಂಡು ಮಾಡಿ."

ಹೇಳಿ ಮಕ್ಕಳಿಗೆ ಬೆನ್ನು ಹಾಕಿ ಬೋರ್ಡಿನ ಕಡೆ ತಿರುಗಿದರು. ಸೀಮೆಸುಣ್ಣ ಹಿಡಿದು, ಹೇಳಿ ಮಕ್ಕಳೇ ಎಂದರು.

ಮಕ್ಕಳಿಗೆ ತಾವು ಮಾಡಿದ್ದು ಎಂತ ಎಂದು ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ಹಂಚಿನ ಮಾಡು ಹಾರುವ ಹಾಗೆ ಕೂಗಿದರು. ಪಕ್ಕದ ತರಗತಿಗಳು ಪಾಠ ನಿಲ್ಲಿಸಿದವು. ಹದಿನೇಳೈದ್ಲಿ, ಹದಿನೇಳಾರ್ಲಿ, ಒಂದು ಅಕ್ಷರ ತಪ್ಪಿಲ್ಲ. ಮೈಮೂನಾ ಎಲ್ಲರಿಗಿಂತ ಜೋರು. ಆಗ ನನಗೆ ಹೆದರಿಕೆಯಾಯಿತು. ತಪ್ಪೇ ಇಲ್ಲದಿದ್ದರೆ ಇವರು ಹಿಡಿಯುವುದು ಏನನ್ನು? ಕೇಳಿತು ಎಂದು ತೋರಿಸುವುದು ಹೇಗೆ? ಹದಿನೇಳೆಂಟ್ಲಿ ಬಂತು. ತಡಿಕೆಯ ಹಿಂದಿನಿಂದ, ನಲವತ್ತು ದಾಟಿದ ನನ್ನ ಒಡಕು ದನಿಯಲ್ಲಿ, ನಾನೂ ಮಕ್ಕಳ ಜತೆ ಕೂಗಿದೆ: ನೂರ ಇಪ್ಪತ್ತಾರು.

ಸೀಮೆಸುಣ್ಣ ನಿಲ್ಲಲಿಲ್ಲ. ಟೀಚರು ತಿರುಗಲೂ ಇಲ್ಲ.

"ಮಹಾಬಲ," ಎಂದರು, "ನೂರ ಮೂವತ್ತಾರು."

ಮಹಾಬಲ ಎಂದರೆ ಯಾರು ಎಂದು ಇನ್ಸ್‌ಪೆಕ್ಟರರು ಬೆಂಚು ಬೆಂಚು ನೋಡಿದರು. ನಾನು ತಡಿಕೆ ಸರಿಸಿ ಎದ್ದು ನಿಂತೆ, ತಪ್ಪು ಮಾಡಿದವರು ನಿಲ್ಲುವ ಹಾಗೆ ಕೈ ಕಟ್ಟಿ. ಮಕ್ಕಳು ನಕ್ಕರು. ಚಿತ್ತರಂಜನರು ಕನ್ನಡಕ ತೆಗೆದು ಒರೆಸತೊಡಗಿದರು.

ಸಂಜೆ ಟೀಚರು ಅಂಗಡಿಗೆ ಬಂದರು. ಮೊದಲು ನನ್ನ ಬಿಲ್ ಪುಸ್ತಕದಿಂದ ಒಂದು ಹಾಳೆ ಹರಿದು ಮುಂದಿಟ್ಟು, ಹದಿನೇಳರ ಮಗ್ಗಿ ಹತ್ತು ಸಲ ಎಂದರು. ಬೇಕೆಂದೇ ತಪ್ಪು ಹೇಳಿದೆ ಎಂದು ನಾನು ಹೇಳಲಿಲ್ಲ, ಅವರಿಗೆ ಗೊತ್ತಿರಲಿಲ್ಲ ಎಂದೂ ನನಗೆ ಅನ್ನಿಸುವುದಿಲ್ಲ. ಬರೆದು ಕೊಟ್ಟೆ. ಮತ್ತೆ ಇನ್ಸ್‌ಪೆಕ್ಟರರು ಎಂತ ಬರೆದರು ಎಂದು ಕೇಳಿದೆ. ತುಟಿ ಓದಿ ತಪ್ಪು ಹಿಡಿದದ್ದನ್ನು ಬರೆದಿರಲಿಲ್ಲ. ಬೆನ್ನು ಹಾಕಿ ನಿಂತು ಕೇಳಿದ್ದನ್ನೂ ಬರೆದಿರಲಿಲ್ಲ. ತಮ್ಮ ಬೆರಳಿನ ಆಟವನ್ನಂತೂ ಬರೆಯುವ ಮಾತೇ ಇಲ್ಲ. ಬರೆದದ್ದು ಒಂದೇ ಸಾಲು, ಅದರ ಕೆಳಗೆ ಟೀಚರು ಸಹಿ ಹಾಕಿ ಬಂದಿದ್ದರು: ನಾಲ್ಕನೇ ತರಗತಿಯಲ್ಲಿ ಗಲಾಟೆ ಹೆಚ್ಚು.

ಗಲಾಟೆ ಹೆಚ್ಚು ಎಂಬ ಕಾರಣಕ್ಕೆ ಒಬ್ಬ ಟೀಚರನ್ನು ಮನೆಗೆ ಕಳಿಸಲು ಆಗುವುದಿಲ್ಲ. ಅವರು ಉಳಿದ ವರ್ಷಗಳನ್ನೂ ಅದೇ ತರಗತಿಯಲ್ಲಿ, ಡಬ್ಬಿಯನ್ನು ಸೀರೆಯ ಹೊರಗೆ ಹಾಕಿಕೊಂಡೇ ಮುಗಿಸಿದರು. ಆದರೆ ಆ ಸಂಜೆ ನನಗೆ ಅದೆಲ್ಲ ಬೇಕಿರಲಿಲ್ಲ. ನಲವತ್ತು ಮಕ್ಕಳು ತಪ್ಪಿಲ್ಲದೆ ಹೇಳಿದ ಮಗ್ಗಿ ಆ ಮನುಷ್ಯನಿಗೂ ಗಲಾಟೆಯಾ ಎಂದು ಮೇಜು ಗುದ್ದಿದೆ, ಸ್ಕ್ರೂಗಳೆಲ್ಲ ಹಾರಿ ನೆಲಕ್ಕೆ ಬಿದ್ದವು. ಟೀಚರು ಬಗ್ಗಿ ಒಂದೊಂದಾಗಿ ಹೆಕ್ಕಿ ಕೊಟ್ಟರು.

"ಬೆನೆಡಿಕ್ಟ್ ತಂದ ಮೆಶಿನಿಗೂ ಹಾಗೆಯೇ ಅಲ್ವಾ ಮಹಾಬಲ," ಎಂದರು. "ಆದ್ರೆ ಅದನ್ನು ಬಂದ್ ಮಾಡ್ಲಿಕ್ಕೆ ಒಂದು ಸ್ವಿಚ್ಚಾದ್ರೂ ಉಂಟು."